ಕೆನ್ನೆಗೆ ಹೊಡೆದವನನ್ನು ಪ್ರಭು ಕೇಳಿದ ಪ್ರಶ್ನೆ
(ಪವಿತ್ರ ಶಿಲುಬೆಯ ವಿಜಯೋತ್ಸವದ ಪ್ರಬೋಧನೆ)



ಸೆಪ್ಟೆಂಬರ್ 14ರಂದು ಧರ್ಮಸಭೆ ಪವಿತ್ರ ಶಿಲುಬೆಯ ವಿಜಯೋತ್ಸವವನ್ನು ಆಚರಿಸುತ್ತದೆ. ರೋಮ್ ಸಾಮ್ರಾಜ್ಯದಲ್ಲಿ ಶಿಲುಬೆಯೆಂದರೆ ಗುಲಾಮರನ್ನೂ ದಂಗೆಕೋರರನ್ನೂ ಹಿಂಸಿಸಿ ಕೊಲ್ಲುವ ಮರ. ಅಂಥ ಮರಕ್ಕೆ ನಾವು ಮುತ್ತಿಡುತ್ತೇವೆ. ಏಕೆಂದರೆ ಅದರ ಮೇಲೆ ಕೊನೆಗೆ ಗೆದ್ದದ್ದು ಹಿಂಸೆಯಲ್ಲ, ಪ್ರೀತಿ.

2008ರಲ್ಲಿ ಈ ಹಬ್ಬ ಭಾನುವಾರ ಬಂದಿತ್ತು. ಅಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಪರಮಪ್ರಸಾದದ ಪೆಟ್ಟಿಗೆಯನ್ನೂ ಶಿಲುಬೆಯನ್ನೂ ಒಡೆದರು. ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ನೊಂದ ಜನ ದೇವಾಲಯಗಳ ಆವರಣಗಳಲ್ಲಿ ಸೇರಿದರು. ಮಂಗಳೂರಿನ ಕೆಲವೆಡೆ ಕಲ್ಲು ತೂರಾಟವೂ ಲಾಠಿ ಪ್ರಹಾರವೂ ನಡೆದವು. ಅಂಥ ಹೊತ್ತಿನಲ್ಲಿ ಯಾವ ವಿಶ್ವಾಸಿಯ ಮನಸ್ಸಿನಲ್ಲೂ ಒಂದು ಪ್ರಶ್ನೆ ಏಳುತ್ತದೆ: ಇನ್ನೊಂದು ಕೆನ್ನೆಯನ್ನು ಒಡ್ಡುವುದೆಂದರೆ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸುವುದೇ?

ಸೇಡಿನ ಲೆಕ್ಕ, ಕ್ಷಮೆಯ ಲೆಕ್ಕ

ಪವಿತ್ರ ಗ್ರಂಥದ ಮೊದಲ ಕೊಲೆ ಮನೆಯೊಳಗೇ ನಡೆಯಿತು. ಕಾಯಿನನು ತಮ್ಮನನ್ನು ಕೊಂದ. ಆದರೂ ಅವನನ್ನು ಯಾರೂ ಕೊಲ್ಲಬಾರದೆಂದು ದೇವರು ಅವನಿಗೆ ಗುರುತಿಟ್ಟರು (ಆದಿಕಾಂಡ 4). ಅದೇ ವಂಶದ ಲೆಮೆಕನು ತನ್ನ ಸೇಡು ಎಪ್ಪತ್ತೇಳರಷ್ಟು ಎಂದು ಕೊಚ್ಚಿಕೊಂಡ. ಸೇಡು ಬೆಳೆಯುವುದೇ ಹೀಗೆ. ಕಣ್ಣಿಗೆ ಕಣ್ಣು ಎಂಬ ಮೋಶೆಯ ನಿಯಮ ಈ ಸೇಡಿಗೆ ಹಾಕಿದ ಬೇಲಿ. ಒಂದು ಹಲ್ಲಿಗಾಗಿ ಒಂದು ಜೀವ ತೆಗೆಯಬೇಡ ಎಂಬುದು ಅದರ ತಾತ್ಪರ್ಯ. ಹಳೆಯ ಒಡಂಬಡಿಕೆಯಲ್ಲಿ ಯುದ್ಧದ ಕಥೆಗಳೂ ಇವೆ, ನಿಜ. ಆದರೆ ದೇವರು ತಮ್ಮ ಜನರನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿದರು. ಖಡ್ಗ ಕುಲುಮೆಗೆ ಹೋಗಿ ನೇಗಿಲಿನ ಗುಳವಾಗುವ ದಿನವನ್ನು ಪ್ರವಾದಿ ಯೆಶಾಯನು ಕಂಡನು.

ಯೇಸುಸ್ವಾಮಿ ಆ ದಾರಿಯನ್ನು ಪೂರ್ಣಗೊಳಿಸಿದರು. ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ, ಲೆಮೆಕನ ಸೇಡಿನ ಲೆಕ್ಕವನ್ನೇ ಅವರು ಕ್ಷಮೆಯ ಲೆಕ್ಕವಾಗಿ ತಿರುಗಿಸಿದರು (ಮತ್ತಾಯ 18).

ಪ್ರಭು ನಡೆದುಕೊಂಡ ರೀತಿ

ಪ್ರಭು ಖಡ್ಗ ತರಲು ಬಂದೆನೆಂದು ಹೇಳಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದೇ ಮಾತನ್ನು ಬರೆಯುವಾಗ ಸಂತ ಲೂಕರು ಖಡ್ಗದ ಬದಲು ಭಿನ್ನಭೇದ ಎಂದಿದ್ದಾರೆ. ಸತ್ಯದ ಪರ ನಿಂತವನಿಗೆ ಮನೆಯವರೇ ಎದುರಾಗಬಹುದೆಂಬುದು ಅದರ ಅರ್ಥ. ಮಹಾದೇವಾಲಯದಲ್ಲಿ ಅವರು ಹಗ್ಗದ ಚಾವಟಿ ಹಿಡಿದದ್ದೂ ಉಂಟು. ಅವರು ಅಲ್ಲಿ ವ್ಯಾಪಾರ ನಿಲ್ಲಿಸಿದರು. ಯಾರಿಗಾದರೂ ಗಾಯವಾಯಿತೆಂದು ಯಾವ ಶುಭಸಂದೇಶಕಾರರೂ ಬರೆದಿಲ್ಲ.

ಬರಮಾಡಿಕೊಳ್ಳದ ಸಮಾರಿಯದ ಊರಿನ ಮೇಲೆ ಬೆಂಕಿ ಸುರಿಸೋಣವೇ ಎಂದ ಯಾಕೋಬ, ಯೊವಾನ್ನರನ್ನು ಅವರು ಗದರಿಸಿದರು. ಪೇತ್ರನು ಖಡ್ಗ ಬೀಸಿದಾಗ, ಕಿವಿ ಕಳೆದುಕೊಂಡ ಆಳನ್ನು ಗುಣಪಡಿಸಿದರು.

ಅದೇ ರಾತ್ರಿ ವಿಚಾರಣೆಯಲ್ಲಿ ಕಾವಲುಗಾರನೊಬ್ಬ ಅವರ ಕೆನ್ನೆಗೆ ಹೊಡೆದ. ಅವರು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಪ್ಪು ಮಾತನಾಡಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ಕೇಳಿದರು (ಯೊವಾನ್ನ 18:23). ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೈ ಎತ್ತಬೇಡ, ಆದರೆ ಸತ್ಯ ಕೇಳುವುದನ್ನು ಬಿಡಬೇಡ.

ಕ್ರೈಸ್ತ ಶಾಂತಿ ಹೇಡಿತನವಲ್ಲ. ಅನ್ಯಾಯದ ಆಕ್ರಮಣದಿಂದ ಜೀವವನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಧರ್ಮಸಭೆಯ ಧರ್ಮೋಪದೇಶ ಒಪ್ಪುತ್ತದೆ, ಸೇಡನ್ನು ಒಪ್ಪುವುದಿಲ್ಲ. 2008ರ ಘಟನೆಗಳ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಮುಂದೆ ಕ್ರೈಸ್ತರು ಸಾಕ್ಷ್ಯ ನುಡಿದರು. 2011ರ ಜನವರಿಯಲ್ಲಿ ಬಂದ ವರದಿ ಅನೇಕರಿಗೆ ಸಮಾಧಾನ ತರಲಿಲ್ಲ. ಆದರೂ ಕಲ್ಲು ಕೆಳಗಿಟ್ಟು ಕಾನೂನಿನ ಮುಂದೆ ಹೊಡೆದದ್ದೇಕೆ ಎಂದು ಕೇಳುವುದು ಪ್ರಭುವಿನ ದಾರಿಯೇ.

ನಮ್ಮ ಮನೆಗಳಲ್ಲಿ

ಬಸವಾಪಟ್ಟಣದ ಕೋಟೆಗಾಗಿ ಪಾಳೆಯಗಾರರೂ ಬಿಜಾಪುರದ ಸೈನ್ಯವೂ ಕಾದಾಡಿದ ಕಾಲವೊಂದಿತ್ತು. ಆ ಕೋಟೆ ಈಗ ಪಾಳು. ನಮ್ಮ ಇಂದಿನ ಜಗಳಗಳು ಅದಕ್ಕಿಂತ ಚಿಕ್ಕವು: ತೋಟದ ಬದು, ಭದ್ರಾ ನಾಲೆಯ ನೀರು, ಅಣ್ಣತಮ್ಮಂದಿರ ಪಾಲು. ಆದರೆ ಕಾಯಿನನ ಕಥೆ ಶುರುವಾದದ್ದೂ ಹೊಲದಲ್ಲಿಯೇ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದು ಪ್ರಭು ಹೇಳಿದ್ದು ನಮಗಾಗಿ.

ಇನ್ನೊಂದು ಮಾತು. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೋ, ಅದು ನಿನ್ನ ಶಿಲುಬೆ ಎಂದು ಯಾವ ಹೆಣ್ಣುಮಗಳಿಗೂ ಹೇಳಬೇಡಿ. ಹೊಡೆದದ್ದೇಕೆ ಎಂದು ಕೇಳುವ ಹಕ್ಕು ಅವಳಿಗಿದೆ. ಅವಳ ಪರವಾಗಿ ಕೇಳುವ ಕರ್ತವ್ಯ ಅಣ್ಣತಮ್ಮಂದಿರಿಗೆ, ನೆರೆಯವರಿಗೆ, ಧರ್ಮಕೇಂದ್ರಕ್ಕೆ ಇದೆ.

ಈ ಹಬ್ಬದ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ, ಮಾತು ಬಿಟ್ಟಿರುವ ಒಬ್ಬರನ್ನು ನೆನೆಯೋಣ. ಸಂಜೆಯೊಳಗೆ ಅವರ ಮನೆಯ ಬಾಗಿಲು ತಟ್ಟೋಣ. ತಮ್ಮನ್ನು ಕೊಂದವರಿಗಾಗಿ ಶಿಲುಬೆಯ ಮೇಲಿಂದ ಪ್ರಾರ್ಥಿಸಿದ ಪ್ರಭು ಅದಕ್ಕೆ ಬೇಕಾದ ಧೈರ್ಯವನ್ನು ನಮಗೆ ದಯಪಾಲಿಸಲಿ. ಆಮೆನ್.