ನದಿಯ ಈಚೆಗೆ ಒಬ್ಬ ಸಂಸದರು, ಆಚೆಗೆ ಇನ್ನೊಬ್ಬರು: ಕ್ಷೇತ್ರ ಪುನರ್ವಿಂಗಡಣೆಯ ಲೆಕ್ಕ ನಮಗೇಕೆ ಗೊತ್ತಿರಬೇಕು?

2024ರ ಲೋಕಸಭಾ ಚುನಾವಣೆಯಲ್ಲಿ ಕುಂದಾಪುರದ ಮತದಾರರು ಎಪ್ರಿಲ್ 26ರಂದು ಮತ ಚಲಾಯಿಸಿದರು. ಪಂಚಗಂಗಾವಳಿಯ ಆಚೆ ದಡದಲ್ಲಿರುವ ಗಂಗೊಳ್ಳಿಯವರು ಮತ ಹಾಕಿದ್ದು ಮೇ 7ರಂದು. ಪೇಟೆ, ಆಸ್ಪತ್ರೆ, ಕಾಲೇಜು ಎಂದು ಎಲ್ಲದಕ್ಕೂ ಕುಂದಾಪುರಕ್ಕೆ ಬರುವ ಗಂಗೊಳ್ಳಿಯ ಜನ, ಸಂಸದರನ್ನು ಆರಿಸುವಾಗ ಮಾತ್ರ ಘಟ್ಟದ ಮೇಲಿನ ಶಿವಮೊಗ್ಗದವರೊಂದಿಗೆ ಸೇರುತ್ತಾರೆ. ಏಕೆಂದರೆ ಗಂಗೊಳ್ಳಿ ಇರುವುದು ಬೈಂದೂರು ವಿಧಾನಸಭಾ ಕ್ಷೇತ್ರದಲ್ಲಿ, ಬೈಂದೂರು ಇರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ.

ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಚುನಾವಣಾ ಸುಧಾರಣೆ ಎಂದೊಡನೆ ಮತಯಂತ್ರ ಬೇಕೇ, ಮತಪತ್ರ ಬೇಕೇ, ಮತದಾರರ ಪಟ್ಟಿ ಸರಿಯಿದೆಯೇ ಎಂಬ ಚರ್ಚೆ ನಡೆಯುತ್ತದೆ. ಅವು ಮುಖ್ಯ ಪ್ರಶ್ನೆಗಳೇ. ಆದರೆ ಮತ ಹಾಕುವುದಕ್ಕಿಂತ ಮೊದಲೇ, ಯಾರೊಂದಿಗೆ ಸೇರಿ ನಾವು ಮತ ಹಾಕಬೇಕು ಎಂಬುದನ್ನು ತೀರ್ಮಾನಿಸುವ ಇನ್ನೊಂದು ಕೆಲಸವಿದೆ. ಅದೇ ಕ್ಷೇತ್ರ ಪುನರ್ವಿಂಗಡಣೆ. ನಮ್ಮ ಊರುಗಳ ಮಟ್ಟಿಗೆ ಅದರ ಪರಿಣಾಮ ಯಾವ ಮತಯಂತ್ರಕ್ಕಿಂತಲೂ ದೊಡ್ಡದು.

2008ರಲ್ಲಿ ಏನಾಯಿತು?

2002ರ ಪುನರ್ವಿಂಗಡಣಾ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ದೇಶದ ಕ್ಷೇತ್ರಗಳ ಗಡಿಗಳನ್ನು 2001ರ ಜನಗಣತಿಯ ಆಧಾರದಲ್ಲಿ ಹೊಸದಾಗಿ ಎಳೆಯಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಗೆ ನಡೆದ ಚುನಾವಣೆ ಈ ಹೊಸ ಗಡಿಗಳ ಮೇಲೆ ನಡೆಯಿತು. ಅಂದು ಬ್ರಹ್ಮಾವರ ಎಂಬ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಅದರ ಊರುಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದವು. ಉಡುಪಿ ಜಿಲ್ಲೆಯ ಶಾಸಕರ ಸಂಖ್ಯೆ ಆರರಿಂದ ಐದಕ್ಕೆ ಇಳಿಯಿತು. ದಕ್ಷಿಣ ಕನ್ನಡವನ್ನೂ ಸೇರಿಸಿದರೆ ಅವಿಭಜಿತ ಜಿಲ್ಲೆಯಲ್ಲಿದ್ದ 15 ಸ್ಥಾನಗಳು 13 ಆದವು. ಅದೇ ಹೊತ್ತಿನಲ್ಲಿ ಬೆಂಗಳೂರು ನಗರಕ್ಕೆ 28 ಸ್ಥಾನಗಳು ದೊರೆತವು.

ಇದರಲ್ಲಿ ಒಳಸಂಚು ಹುಡುಕಬೇಕಾಗಿಲ್ಲ. ಇದು ಲೆಕ್ಕದ ಫಲ. 2001ರಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ. ಅದನ್ನು 224 ಸ್ಥಾನಗಳಿಗೆ ಹಂಚಿದರೆ ಒಂದು ಸ್ಥಾನಕ್ಕೆ ಸರಾಸರಿ 2.36 ಲಕ್ಷ ಜನ. ಉಡುಪಿ ಜಿಲ್ಲೆಯ ಜನಸಂಖ್ಯೆ 11.12 ಲಕ್ಷ. ಭಾಗಿಸಿದರೆ 4.7 ಬರುತ್ತದೆ, ಅಂದರೆ ಐದು.

ಲೋಕಸಭೆಯ ಲೆಕ್ಕವೂ ಹಾಗೆಯೇ. ರಾಜ್ಯಕ್ಕೆ 28 ಸಂಸದರು, ಆದ್ದರಿಂದ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಒಬ್ಬರು. ದಕ್ಷಿಣ ಕನ್ನಡಕ್ಕೆ ಸರಿಯಾಗಿ ಎಂಟು ಸ್ಥಾನ ಬಂದುದರಿಂದ ಅದು ಇಡಿಯಾಗಿ ಒಂದು ಕ್ಷೇತ್ರವಾಯಿತು. ಉಡುಪಿಗೆ ಐದು, ಚಿಕ್ಕಮಗಳೂರಿಗೆ ಐದು. ಎರಡನ್ನೂ ಕೂಡಿಸಿದರೆ ಹತ್ತು, ಎರಡು ಹೆಚ್ಚಾಯಿತು. ಶಿವಮೊಗ್ಗಕ್ಕೆ ಏಳು, ಒಂದು ಕಡಿಮೆ. ಹೀಗಾಗಿ ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಕಡೂರು ಹಾಸನಕ್ಕೆ ಹೋಯಿತು. ಉಳಿದ ನಾಲ್ಕು ಮತ್ತು ನಾಲ್ಕು ಸೇರಿ ಉಡುಪಿ ಚಿಕ್ಕಮಗಳೂರು ಕ್ಷೇತ್ರವಾಯಿತು.

ಲೆಕ್ಕ ಸರಿ, ಬದುಕು ಬೇರೆ

ಇಂದು ಶಿವಮೊಗ್ಗ ಲೋಕಸಭಾ ಕ್ಷೇತ್ರದ ಎಂಟು ಭಾಗಗಳಲ್ಲಿ ಕಡಲು ಕಾಣುವುದು ಬೈಂದೂರಿಗೆ ಮಾತ್ರ. ಮರವಂತೆಯ ಕಡಲ್ಕೊರೆತ, ಗಂಗೊಳ್ಳಿಯ ಮೀನುಗಾರಿಕಾ ಬಂದರು ಇಂತಹ ವಿಷಯಗಳು ಉಳಿದ ಏಳು ಕಡೆಯ ಮತದಾರರ ದಿನನಿತ್ಯದ ಚಿಂತೆಯಲ್ಲ. ಅಡಿಕೆ, ಅರಣ್ಯಭೂಮಿ, ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕು ಅವರ ಚಿಂತೆ. ಅವೂ ನ್ಯಾಯವಾದವೇ. ಇದು ಯಾವ ಸಂಸದರ ಮೇಲಿನ ದೂರೂ ಅಲ್ಲ. ಎಂಟರಲ್ಲಿ ಒಂದು ಭಾಗದವರು ತಮ್ಮ ಮಾತನ್ನು ಉಳಿದ ಏಳು ಭಾಗದವರಿಗೆ ಕೇಳಿಸಬೇಕಾದರೆ ಹೆಚ್ಚು ಶ್ರಮಪಡಬೇಕು ಎಂಬುದಷ್ಟೇ ಇಲ್ಲಿಯ ಮಾತು.

2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಧರ್ಮಪ್ರಾಂತ್ಯವನ್ನು ಬೇರ್ಪಡಿಸಿದಾಗ ಜಿಲ್ಲೆಯ ಗಡಿಯನ್ನೇ ಅನುಸರಿಸಲಾಯಿತು. ಹಾಗಾಗಿ ಬೈಂದೂರು, ಗಂಗೊಳ್ಳಿ, ಕುಂದಾಪುರದ ಭಕ್ತಾದಿಗಳು ಒಂದೇ ಧರ್ಮಪ್ರಾಂತ್ಯದವರು. ಪ್ರಜಾಪ್ರಭುತ್ವದಲ್ಲಿ ಇಷ್ಟು ಸುಲಭವಿಲ್ಲ. ಅಲ್ಲಿ ಪ್ರತಿಯೊಬ್ಬನ ಮತಕ್ಕೂ ಸಮಾನ ಬೆಲೆ ಇರಬೇಕಾದರೆ ಕ್ಷೇತ್ರಗಳ ಜನಸಂಖ್ಯೆಯೂ ಹೆಚ್ಚುಕಡಿಮೆ ಸಮಾನವಾಗಿರಬೇಕು.

ಮುಂದಿನ ಸುತ್ತು

ರಾಜ್ಯಗಳ ನಡುವಿನ ಲೋಕಸಭಾ ಸ್ಥಾನಗಳ ಹಂಚಿಕೆಗೆ 1971ರ ಜನಗಣತಿಯೇ ಆಧಾರವಾಗಿ ಉಳಿಯಿತು. 1976ರ 42ನೇ ತಿದ್ದುಪಡಿ ಅದನ್ನು ತಡೆಹಿಡಿಯಿತು. ಮುಂದೆ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ನಿಗದಿಪಡಿಸಿ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. 2023ರ 106ನೇ ತಿದ್ದುಪಡಿಯಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಮೀಸಲಿಡುವುದನ್ನೂ ಪುನರ್ವಿಂಗಡಣೆಗೆ ಜೋಡಿಸಲಾಯಿತು.

ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಇದರಿಂದ ಶಿಕ್ಷೆಯಾಗಬಾರದು ಎಂದು 2025ರ ಮಾರ್ಚ್ 22ರಂದು ಚೆನ್ನೈಯಲ್ಲಿ ಸೇರಿದ ನಾಯಕರು ಹೇಳಿದರು. ಕರ್ನಾಟಕದಿಂದ ಡಿ.ಕೆ. ಶಿವಕುಮಾರ್ ಅಲ್ಲಿದ್ದರು. ದಕ್ಷಿಣದ ಯಾವ ರಾಜ್ಯವೂ ಒಂದು ಸ್ಥಾನವನ್ನೂ ಕಳೆದುಕೊಳ್ಳುವುದಿಲ್ಲ ಎಂದು ಗೃಹ ಸಚಿವ ಅಮಿತ್ ಶಾ ಅದೇ ವರ್ಷ ಫೆಬ್ರವರಿಯಲ್ಲಿ ಹೇಳಿದ್ದರು.

ಆದರೆ ದೆಹಲಿಯ ಮುಂದೆ ಕರ್ನಾಟಕ ಮಂಡಿಸುವ ವಾದವನ್ನೇ ಬೆಂಗಳೂರಿನ ಮುಂದೆ ಕರಾವಳಿಯೂ ಮಂಡಿಸಬಹುದು ಎಂಬುದನ್ನು ನಾವು ಗಮನಿಸಿದ್ದೇವೆಯೇ? 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು. ಉಡುಪಿ ಜಿಲ್ಲೆಯದು ಬೆಳೆದದ್ದು ಶೇ. 6ಕ್ಕಿಂತಲೂ ಕಡಿಮೆ. ನಮ್ಮ ಕುಟುಂಬಗಳು ಚಿಕ್ಕವು, ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಎಂದು ಚದುರಿದ್ದಾರೆ. 2011ರ 11.77 ಲಕ್ಷ ಜನಸಂಖ್ಯೆಯನ್ನು ಅದೇ ವರ್ಷದ ರಾಜ್ಯ ಸರಾಸರಿಯಾದ 2.73 ಲಕ್ಷದಿಂದ ಭಾಗಿಸಿದರೆ 4.3 ಬರುತ್ತದೆ. ಸದನದ ಒಟ್ಟು ಸ್ಥಾನ 224ರಲ್ಲೇ ಉಳಿದು, ಇದೇ ಜಾಡು ಮುಂದುವರಿದರೆ ಬ್ರಹ್ಮಾವರ ಕಳೆದುಕೊಂಡದ್ದನ್ನು ನಾಳೆ ಮತ್ತೊಂದು ಊರು ಕಳೆದುಕೊಳ್ಳಬಹುದು.

ಹಾಗೆಂದು ನಮಗೆ ಹೆಚ್ಚು ಕೊಡಿ ಎಂದು ಕೇಳುವುದೂ ಸುಲಭವಲ್ಲ. ನಮ್ಮ ಮತದ ತೂಕ ಹೆಚ್ಚಿದರೆ ಬೆಂಗಳೂರಿನ ಕೊಳೆಗೇರಿಯಲ್ಲಿರುವವನ ಮತದ ತೂಕ ಕುಗ್ಗುತ್ತದೆ. ಅಲ್ಲಿರುವವರಲ್ಲಿ ನಮ್ಮದೇ ಊರಿನ ಮಕ್ಕಳೂ ಇದ್ದಾರೆ. ಬ್ರಿಟನ್ನಿನಲ್ಲಿ ಕ್ಷೇತ್ರಗಳ ಗಾತ್ರ ಸರಾಸರಿಗಿಂತ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂಬ ನಿಯಮವಿದ್ದರೂ, ಐದು ದ್ವೀಪ ಕ್ಷೇತ್ರಗಳಿಗೆ ಕಾನೂನಿನಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ನಮ್ಮಲ್ಲೂ 2011ರ ಗಣತಿಯಂತೆ 65 ಸಾವಿರವೂ ಜನರಿಲ್ಲದ ಲಕ್ಷದ್ವೀಪಕ್ಕೆ ಒಬ್ಬ ಸಂಸದರಿದ್ದಾರೆ. ಅಂದರೆ ಲೆಕ್ಕದ ಜೊತೆಗೆ ಭೂಗೋಳಕ್ಕೂ ಜಾಗ ಕೊಡಲು ಸಾಧ್ಯವಿದೆ.

ನಾವು ಮಾಡಬಹುದಾದದ್ದು

ಎಷ್ಟು ಸ್ಥಾನ ಎಂಬುದು ಸಂಸತ್ತಿಗೆ ಬಿಟ್ಟದ್ದು. ಗೆರೆ ಎಲ್ಲಿ ಎಂಬುದರಲ್ಲಿ ಮಾತ್ರ ಜನರಿಗೆ ಮಾತನಾಡಲು ಅವಕಾಶವಿದೆ. 2002ರ ಕಾಯ್ದೆಯಂತೆ ಆಯೋಗ ಗಡಿ ಎಳೆಯುವಾಗ ನದಿ, ಬೆಟ್ಟಗಳಂತಹ ಭೌಗೋಳಿಕ ಲಕ್ಷಣ, ಈಗಿರುವ ಆಡಳಿತ ಗಡಿ, ಸಂಪರ್ಕ ಸೌಲಭ್ಯ ಮತ್ತು ಸಾರ್ವಜನಿಕರ ಅನುಕೂಲವನ್ನು ಗಮನಿಸಬೇಕಿತ್ತು. ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಸ್ವೀಕರಿಸಿ, ಸಾರ್ವಜನಿಕ ಸಭೆ ನಡೆಸಬೇಕಿತ್ತು. ಆಯೋಗದೊಂದಿಗೆ ಕೂರುವ ರಾಜ್ಯದ ಐವರು ಸಂಸದರು ಮತ್ತು ಐವರು ಶಾಸಕರಿಗೆ ಅಭಿಪ್ರಾಯ ಹೇಳುವ ಹಕ್ಕಿತ್ತು, ಮತದ ಹಕ್ಕಿರಲಿಲ್ಲ. ಅಂತಿಮ ಆದೇಶ ಹೊರಟ ಮೇಲೆ ಅದಕ್ಕೆ ಕಾನೂನಿನ ಬಲವಿದೆ. ತೀರಾ ಮನಸ್ವೀ ಆದೇಶವಾದರೆ ನ್ಯಾಯಾಲಯ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದರೂ ಅದು ಅಪರೂಪದ ದಾರಿ. ಕರಡಿನ ಹಂತದಲ್ಲಿ ಮೌನವಾಗಿದ್ದವರಿಗೆ ನಂತರ ಹೆಚ್ಚಿನ ಅವಕಾಶ ಉಳಿಯುವುದಿಲ್ಲ.

ಆದ್ದರಿಂದ ಎರಡು ಮಾತುಗಳನ್ನು ಚರ್ಚ್ ಪಾಲನಾ ಮಂಡಳಿಗಳ ಮತ್ತು ವಾರ್ಡ್ ಗುರಿಕಾರರ ಗಮನಕ್ಕೆ ತರುತ್ತೇನೆ. ಮೊದಲನೆಯದು, ಸ್ಥಾನಗಳ ಲೆಕ್ಕಕ್ಕೆ ಬರುವುದು ಮತದಾರರ ಪಟ್ಟಿಯಲ್ಲ, ಜನಗಣತಿ. ಗಲ್ಫ್‌ನಲ್ಲಿರುವ ಮಗ ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ಈ ಲೆಕ್ಕಕ್ಕೆ ಅದು ಸೇರುವುದಿಲ್ಲ. ಮನೆಯಲ್ಲಿರುವ ಮಗು, ಹಾಸಿಗೆ ಹಿಡಿದ ಅಜ್ಜಿ, ಬಾಡಿಗೆ ಕೋಣೆಯಲ್ಲಿರುವ ವಲಸೆ ಕಾರ್ಮಿಕ, ಇವರೆಲ್ಲರೂ ಗಣತಿಯಲ್ಲಿ ಒಬ್ಬೊಬ್ಬರೇ. ಯಾರನ್ನೂ ಬಿಡದಂತೆ ನೋಡಿಕೊಳ್ಳಬೇಕು.

ಎರಡನೆಯದು, ಹೊಸ ಕರಡು ಎಂದು ಬಂದರೂ ಅದನ್ನು ಓದಲು ಮತ್ತು ಗಡುವಿನೊಳಗೆ ಬರೆದು ಕೊಡಲು ನಾವು ಸಿದ್ಧರಿರಬೇಕು. ನೆರೆಯ ಹಿಂದೂ, ಮುಸ್ಲಿಂ ಬಾಂಧವರು, ಮೀನುಗಾರರ ಸಂಘಗಳು, ಪಂಚಾಯತ್ ಸದಸ್ಯರೊಂದಿಗೆ ಸೇರಿಯೇ ಇದನ್ನು ಮಾಡಬೇಕು, ಏಕೆಂದರೆ ಇದು ಒಂದು ಪಕ್ಷದ ಅಥವಾ ಒಂದು ಧರ್ಮದ ಪ್ರಶ್ನೆಯಲ್ಲ. 2008ರಲ್ಲಿ ಬ್ರಹ್ಮಾವರ ತಾಲೂಕು ಆಗಿರಲಿಲ್ಲ, ಬೈಂದೂರೂ ಆಗಿರಲಿಲ್ಲ. 2018ರಿಂದ ಎರಡೂ ತಾಲೂಕುಗಳಾಗಿವೆ. ಆಡಳಿತ ಗಡಿಯನ್ನು ಗಮನಿಸಿರಿ ಎಂದು ಕೇಳಲು ಅಂದು ಇಲ್ಲದ ಒಂದು ಆಧಾರ ಇಂದು ನಮ್ಮ ಕೈಯಲ್ಲಿದೆ.