ಪಡಸಾಲೆಗೆ ಬಂದ ತ್ರಿಕೋನ

ಜೋಡಿಯಾಗಿ ಕೊಂಡ ಸ್ಪೀಕರ್‌ಗಳು ಮನೆ ಸೇರಿದ ದಿನವೇ ಅಗಲುತ್ತವೆ. ಒಂದು ಷೋಕೇಸಿನ ನೆತ್ತಿ ಏರುತ್ತದೆ, ಇನ್ನೊಂದು ಬಾಗಿಲ ಹಿಂದಿನ ಮೂಲೆಗೆ ಸರಿಯುತ್ತದೆ. ಕಲಬುರಗಿಯ ಗಾಜಿಪುರವಾಗಲಿ, ಕಮಲಾಪುರವಾಗಲಿ, ಜಾಗ ಎಲ್ಲಿ ಖಾಲಿಯಿದೆಯೋ ಅಲ್ಲಿ ಬಾಕ್ಸ್ ಕೂರುತ್ತದೆ, ವೈರು ಎಲ್ಲಿಯವರೆಗೆ ಎಟಕುತ್ತದೆಯೋ ಅಲ್ಲಿಗೆ ನಿಲ್ಲುತ್ತದೆ. ಹಾಡು ಕೇಳಿಸುತ್ತದೆ, ಜೋರಾಗಿಯೇ ಕೇಳಿಸುತ್ತದೆ. ಆದರೆ ಗಾಯಕರನ್ನು ನಡುವೆ, ತಬಲಾವನ್ನು ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ ಇಟ್ಟು ಧ್ವನಿಮುದ್ರಕರು ಕಟ್ಟಿಕೊಟ್ಟ ಬೈಠಕ್ ಆ ಕೋಣೆಯಲ್ಲಿ ನಡೆಯುವುದೇ ಇಲ್ಲ.

ಆ ಬೈಠಕ್ಕನ್ನು ಮರಳಿ ಕೂಡಿಸಲು ಹೊಸ ಬಾಕ್ಸ್ ಬೇಕಿಲ್ಲ. ಒಂದು ನಿಯಮ ಸಾಕು: ಎರಡು ಸ್ಪೀಕರ್ ಮತ್ತು ಕೇಳುವವರು ಸಮಭುಜ ತ್ರಿಕೋನವೊಂದರ ಮೂರು ಮೂಲೆಗಳಲ್ಲಿರಬೇಕು. ಶಾಲೆಯ ರೇಖಾಗಣಿತದಷ್ಟು ಸರಳವಾದ ಈ ಮಾತಿನ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಹುಡುಕಾಟವಿದೆ. ಆ ಹುಡುಕಾಟವನ್ನು ತಿಳಿದವರಿಗೆ ತಮ್ಮ ಮನೆಯ ಕೋಣೆಯೂ ಬೇರೆಯಾಗಿ ಕಾಣಿಸುತ್ತದೆ.

ಎರಡು ಕಿವಿಗಳ ಲೆಕ್ಕ

1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ ವಸ್ತುಪ್ರದರ್ಶನ ನಡೆಯಿತು. ಕ್ಲೆಮಾಂ ಅದೇ ಎಂಬ ಎಂಜಿನಿಯರ್ ಅಲ್ಲಿಯ ಒಪೆರಾ ರಂಗದ ಮುಂಚೂಣಿಯಲ್ಲಿ ಉದ್ದಕ್ಕೂ ಮೈಕ್ರೋಫೋನುಗಳನ್ನಿಟ್ಟು, ತಂತಿ ಎಳೆದು, ಪ್ರದರ್ಶನದ ಕೋಣೆಗಳಿಗೆ ಹಾಡನ್ನು ತಲುಪಿಸಿದ. ಜನ ಎರಡು ಕಿವಿಗೂ ಒಂದೊಂದು ಟೆಲಿಫೋನ್ ಹಿಡಿದು ಕೇಳಿದರು. ಎಡಗಿವಿಯದು ರಂಗದ ಎಡಭಾಗಕ್ಕೆ, ಬಲಗಿವಿಯದು ಬಲಭಾಗಕ್ಕೆ ಜೋಡಿಸಿತ್ತು. ಗಾಯಕ ರಂಗದ ಮೇಲೆ ನಡೆದರೆ ಅವನ ದನಿಯೂ ನಡೆದಂತೆ ಕೇಳುಗರಿಗೆ ಭಾಸವಾಯಿತು. ಬೆರಗೇನೋ ಆಯಿತು, ಕಾರಣ ಹೊಳೆಯಲಿಲ್ಲ.

ಕಾರಣವನ್ನು ಬಿಡಿಸಿಟ್ಟವರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ ಮುಖ್ಯನಾದವನು. 1907ರಲ್ಲಿ ಅವನು ಹೇಳಿದ್ದು ಇಷ್ಟು: ಎಡದಿಂದ ಬಂದ ಎತ್ತರದ ಸ್ವರಕ್ಕೆ ನಮ್ಮ ತಲೆಯೇ ಅಡ್ಡವಾಗುತ್ತದೆ, ಹಾಗಾಗಿ ಬಲಗಿವಿಗೆ ಅದು ಮೆಲ್ಲಗೆ ಕೇಳಿಸುತ್ತದೆ. ತಗ್ಗಿನ ಸ್ವರ ತಲೆಯನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿ ಮಿದುಳು ಹಿಡಿಯುವುದು ಎರಡು ಕಿವಿಗಳಿಗೆ ಸದ್ದು ತಲುಪುವ ಹೊತ್ತಿನ ಅಂತರವನ್ನು. ಈ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಏಳರಷ್ಟು. ಇಷ್ಟು ಸಣ್ಣ ಕಾಲವನ್ನು ನಾವು ಹುಟ್ಟಿದಂದಿನಿಂದ ಅರಿವಿಲ್ಲದೆ ಅಳೆಯುತ್ತ ಬಂದಿದ್ದೇವೆ. ಸ್ಟೀರಿಯೋ ನಿಂತಿರುವುದು ಈ ಅಳತೆಯ ಮೇಲೆಯೇ.

ಸಿನಿಮಾ ಮಂದಿರದಲ್ಲಿ ಹುಟ್ಟಿದ ಪ್ರಶ್ನೆ

1931ರಲ್ಲಿ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದ. ನಟ ಪರದೆಯ ಒಂದು ತುದಿಯಲ್ಲಿದ್ದರೆ ಅವನ ಮಾತು ಇನ್ನೊಂದು ತುದಿಯಿಂದ ಬರುತ್ತಿತ್ತು. ದನಿ ನಟನನ್ನು ಹಿಂಬಾಲಿಸುವಂತೆ ಮಾಡುವ ದಾರಿ ತನಗೆ ಗೊತ್ತೆಂದು ಅವನು ಹೆಂಡತಿಗೆ ಹೇಳಿದನಂತೆ. ಅದೇ ವರ್ಷದ ಡಿಸೆಂಬರ್ 14ರಂದು ಪೇಟೆಂಟಿಗೆ ಅರ್ಜಿ ಹಾಕಿದ. ಎರಡು ಮೈಕ್ರೋಫೋನು, ಗ್ರಾಮಫೋನ್ ತಟ್ಟೆಯ ಒಂದೇ ಗೀರಿನಲ್ಲಿ ಕೊರೆದ ಎರಡು ವಾಹಿನಿ, ಎರಡು ಸ್ಪೀಕರ್, ಇಂದಿನ ಸ್ಟೀರಿಯೋದ ಬಹುಭಾಗ ಆ ಅರ್ಜಿಯಲ್ಲಿಯೇ ಇತ್ತು. 1934ರ ಜನವರಿಯಲ್ಲಿ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸಿದ ವಾದ್ಯಮೇಳವನ್ನು ಹೀಗೆ ಮುದ್ರಿಸಿದ. ತನ್ನ ಶೋಧ ಮನೆಮನೆಗೆ ಮುಟ್ಟಿದ್ದನ್ನು ಅವನು ನೋಡಲಿಲ್ಲ. 1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು ತೀರಿಕೊಂಡಾಗ ಅವನಿಗೆ 38 ವರ್ಷ.

ಅತ್ತ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವಿ ಫ್ಲೆಚರ್ ತಂಡ 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳುಹಿಸಿತು. ಅಲ್ಲಿ ಬಳಸಿದ್ದು ಎಡ, ನಡು, ಬಲ ಎಂಬ ಮೂರು ವಾಹಿನಿ. ಅಗಲವಾದ ವೇದಿಕೆಗೆ ಎರಡೇ ಸ್ಪೀಕರ್ ಆದರೆ ನಡುಭಾಗ ಬರಿದಾಗಿ ಕೇಳಿಸುತ್ತದೆಂಬ ಅರಿವು ಆ ಪ್ರಯೋಗಗಳಿಂದ ಗಟ್ಟಿಯಾಯಿತು. ಮನೆಗೆ ಮೂರು ಸ್ಪೀಕರ್ ದುಬಾರಿ. ಹಾಗಾದರೆ ಎರಡನ್ನೇ ಎಷ್ಟು ದೂರ ಇಟ್ಟರೆ ನಡುಭಾಗ ತುಂಬಿಕೊಂಡೀತು?

ತ್ರಿಕೋನ ಬಂದದ್ದು ಈ ಪ್ರಶ್ನೆಗೆ ಉತ್ತರವಾಗಿ. ಕೇಳುವವರಿಂದ ನೋಡಿದರೆ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ, ಒಟ್ಟು 60. ಕೋನ ಇದಕ್ಕಿಂತ ಬಹಳ ಹಿಗ್ಗಿದರೆ ಗಾಯಕರ ಜಾಗದಲ್ಲಿ ತೂತು ಬೀಳುತ್ತದೆ, ಕುಗ್ಗಿದರೆ ಎಲ್ಲ ವಾದ್ಯಗಳೂ ಒಂದರ ಮೇಲೊಂದು ಕೂತಂತಾಗುತ್ತದೆ. ಸರಿಯಾದ ಜಾಗದಲ್ಲಿ ಕೂತರೆ ಎರಡೂ ಸ್ಪೀಕರ್ ಸಮವಾಗಿ ನುಡಿದ ದನಿ ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ ಮೂಡುತ್ತದೆ. ಅಲ್ಲಿಂದ ಒಂದು ಅಡಿ ಪಕ್ಕಕ್ಕೆ ಸರಿದರೂ ಎರಡು ಸ್ಪೀಕರ್‌ಗಳ ದೂರದಲ್ಲಿ ಸುಮಾರು ಒಂದು ಅಡಿ ಹೆಚ್ಚುಕಮ್ಮಿಯಾಗುತ್ತದೆ. ಹತ್ತಿರದ್ದು ಸೆಕೆಂಡಿನ ಸಾವಿರದ ಒಂದಂಶ ಮೊದಲೇ ತಲುಪಿ, ಗಾಯಕರು ಎದ್ದು ಆ ಬದಿಗೆ ಹೋಗಿಬಿಡುತ್ತಾರೆ.

1958ರ ಹೊತ್ತಿಗೆ ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದವು. ನಮ್ಮಲ್ಲಿ ಅನೇಕರಿಗೆ ಸ್ಟೀರಿಯೋದ ಮೊದಲ ಅನುಭವ ಕೊಟ್ಟದ್ದು ಸಿನಿಮಾ. ರಾಮನಗರದ ಬಂಡೆಗಳಲ್ಲಿ ಚಿತ್ರಿಸಿದ 'ಶೋಲೆ' 1975ರಲ್ಲಿ 70 ಎಂ.ಎಂ. ಪರದೆಗೆ ಬಂದಾಗ, ಚಿಮ್ಮಿದ ನಾಣ್ಯ ನೆಲಕ್ಕೆ ಬಿದ್ದ ಸದ್ದು ಕೇಳಿ ಪ್ರೇಕ್ಷಕರು ತಮ್ಮ ಕುರ್ಚಿಯ ಕೆಳಗೆ ನೋಡಿಕೊಂಡರೆಂದು ಇಂದಿಗೂ ಹೇಳುತ್ತಾರೆ. ಆಮೇಲೆ ಕ್ಯಾಸೆಟ್ ಡೆಕ್ಕುಗಳು ಬಂದವು, ಪಡಸಾಲೆಗೆ ಎರಡು ಬಾಕ್ಸ್ ಬಂದವು. ಅವನ್ನು ಎಲ್ಲಿಡಬೇಕೆಂಬ ತಿಳಿವಳಿಕೆ ಮಾತ್ರ ಅವುಗಳ ಜೊತೆ ಬರಲಿಲ್ಲ.

ಶಹಾಬಾದಿ ಫರಸಿಯ ಮೇಲೆ

ತ್ರಿಕೋನ ಅರ್ಧ ಕತೆ. ಉಳಿದರ್ಧ ಕೋಣೆಯದು, ಮತ್ತು ಕಲಬುರಗಿಯ ಕೋಣೆಗೆ ತನ್ನದೇ ಗುಣವಿದೆ. ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಸುಣ್ಣದ ಹಾಸುಗಲ್ಲು ಇಲ್ಲಿಯ ಮನೆಗಳ ನೆಲ. ಬೇಸಗೆಯಲ್ಲಿ ಅಂಗಾಲಿಗೆ ತಂಪು ಕೊಡುವ ಈ ಫರಸಿ ಕಿವಿಗೆ ಮಾತ್ರ ನಿಷ್ಠುರ. ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಹೀರಿ, ಮಿಕ್ಕದ್ದನ್ನೆಲ್ಲ ಹಿಂದಿರುಗಿಸುತ್ತದೆ. 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳುವುದೂ ಗಟ್ಟಿ ಗೋಡೆಗಳ ಈ ಗುಣದಿಂದಲೇ. ಅಲ್ಲಿ ಅದು ಸೊಗಸು. ಹತ್ತಡಿಯ ಕೋಣೆಯಲ್ಲಿ ಅದೇ ಗುಣ ಹಾಡಿನ ಸಾಹಿತ್ಯವನ್ನು ಕಲಸಿಬಿಡುತ್ತದೆ.

ಇದಕ್ಕೆ ಲೆಕ್ಕ ಕಂಡುಹಿಡಿದವನು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿಯ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ ಹೊತ್ತ ಈ ತರುಣ ಉಪನ್ಯಾಸಕ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ತರಿಸಿ, ಒಂದು ಆರ್ಗನ್ ಕೊಳವೆ ನುಡಿಸಿ, ಗುಂಗು ಅಡಗುವ ಹೊತ್ತನ್ನು ಅಳೆದ. ಮೆತ್ತೆ ಹೆಚ್ಚಿದಂತೆ ಗುಂಗು ತಗ್ಗಿತು. ಸದ್ದು ಹೀರುವುದಕ್ಕೆ ಅವನು ಇಟ್ಟುಕೊಂಡ ಅಳತೆ ತೆರೆದ ಕಿಟಕಿ, ಏಕೆಂದರೆ ಅದರಿಂದ ಹೊರಹೋದ ಸದ್ದು ಮರಳುವುದಿಲ್ಲ.

ಈ ಅಳತೆಗಳಿಂದ ಅವನು ಕಟ್ಟಿದ ಸೂತ್ರವನ್ನು ನಮ್ಮ ಕೋಣೆಗೆ ಹಾಕಿ ನೋಡಬಹುದು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರ. ಫರಸಿ ನೆಲ, ಗಾರೆ ಗೋಡೆ, ಒಳಗೆ ಏನೂ ಇಲ್ಲ. ಗುಂಗು ಸುಮಾರು ಮೂರು ಸೆಕೆಂಡು ನಿಲ್ಲುತ್ತದೆ. ಹತ್ತು ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರುವ ಸಾಮಗ್ರಿ ಸೇರಿದರೆ ಅರ್ಧ ಸೆಕೆಂಡಿಗೆ ಇಳಿಯುತ್ತದೆ, ಸಂಗೀತಕ್ಕೆ ಅದು ಹಿತವಾದ ಅಳತೆ. ಆ ಸಾಮಗ್ರಿ ನಮ್ಮ ಮನೆಗಳಲ್ಲೇ ಇದೆ. ಹಳೆ ಸೀರೆ, ಧೋತರ ಪದರಪದರವಾಗಿ ಹೊಲಿದ ಕೌದಿ, ಜಮಖಾನ, ಹತ್ತಿಯ ಗಾದಿ, ಲೋಡು, ದಪ್ಪ ಪರದೆ, ಪುಸ್ತಕದ ಕಪಾಟು. ಕೂತು ಕೇಳುವ ಜನರೂ ಹೀರುತ್ತಾರೆ. ತೆಳುವಾದ ಬಟ್ಟೆ ಎತ್ತರದ ಸ್ವರಗಳನ್ನಷ್ಟೇ ತಗ್ಗಿಸುತ್ತದೆ. ಮೂಲೆಯಲ್ಲಿ ಕಟ್ಟಿಡುವ ಹತ್ತಿಯ ಹಾಸಿಗೆಯ ದಪ್ಪ ಸುರುಳಿ ತುಸು ಕೆಳಗಿನ ಸ್ವರಗಳನ್ನೂ ಮುಟ್ಟುತ್ತದೆ.

ಗೋಡೆಯಿಂದ ಮರಳಿದ ಸದ್ದು ದಿಕ್ಕನ್ನು ಯಾವಾಗ ಕೆಡಿಸುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ 1949ರಲ್ಲಿ ಗೋಟಿಂಗೆನ್ ವಿಶ್ವವಿದ್ಯಾಲಯದ ತನ್ನ ಪ್ರಬಂಧದಲ್ಲಿ ಅಳೆದ. ಮೊದಲು ತಲುಪಿದ ಸದ್ದು ಬಂದ ದಿಕ್ಕನ್ನೇ ಮಿದುಳು ನಂಬುತ್ತದೆ. ಸುಮಾರು 5ರಿಂದ 30 ಮಿಲಿಸೆಕೆಂಡು ತಡವಾಗಿ ಬಂದ ಪ್ರತಿಫಲನ ಬೇರೆ ಸದ್ದಾಗಿ ಕೇಳಿಸದೆ ಮೊದಲಿನದರಲ್ಲಿ ಬೆರೆತು ಅದನ್ನು ತುಂಬುತ್ತದೆ. ಅದಕ್ಕೂ ಬೇಗ, ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬಂದರೆ ದಿಕ್ಕನ್ನೇ ಎಳೆದಾಡುತ್ತದೆ. ಪಕ್ಕದ ಗೋಡೆಗೆ ಒತ್ತಿಟ್ಟ ಸ್ಪೀಕರ್ ಮಾಡುವ ಕೇಡು ಇದೇ.

ಹತ್ತು ಹನ್ನೆರಡರ ಕೋಣೆಯಲ್ಲಿ

ಇವರೆಲ್ಲರ ದುಡಿಮೆಯನ್ನು ಇನ್ನು ಅಳತೆಯ ಟೇಪು ಹಿಡಿದು ಬಳಸಿಕೊಳ್ಳಬಹುದು. ಹತ್ತಡಿಯ ಗೋಡೆಯೆದುರು ಎರಡು ಸ್ಪೀಕರ್‌ಗಳನ್ನು ಆರಡಿ ಅಂತರದಲ್ಲಿಡಿ. ಪಕ್ಕದ ಗೋಡೆಗಳಿಗೆ ಎರಡೆರಡು ಅಡಿ ಉಳಿಯುತ್ತದೆ. ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತನ್ನಿ. ಹಿಂದಕ್ಕೂ ಪಕ್ಕಕ್ಕೂ ಒಂದೇ ದೂರವಿದ್ದರೆ ಎರಡು ಗೋಡೆಗಳ ದೋಷ ಒಂದೇ ಸ್ವರದ ಮೇಲೆ ಬೀಳುತ್ತದೆ, ಆದ್ದರಿಂದ ಈ ಅರ್ಧ ಅಡಿಯ ವ್ಯತ್ಯಾಸ. ಸ್ಪೀಕರ್‌ಗಳ ಸಾಲಿನಿಂದ ಐದು ಅಡಿಗೆ ಸ್ವಲ್ಪ ಹೆಚ್ಚು ದೂರದಲ್ಲಿ, ನಟ್ಟನಡುವೆ ಕೂತರೆ ಮೂರು ಭುಜಗಳೂ ಆರಡಿ. ಬೆನ್ನ ಹಿಂದೆ ನಾಲ್ಕಡಿ ಉಳಿಯುತ್ತದೆ. ಹಿಂಗೋಡೆಗೆ ಒರಗಿ ಕೂರುವ ರೂಢಿಯನ್ನು ಈ ಹೊತ್ತಿಗಾದರೂ ಬಿಡಬೇಕು, ಏಕೆಂದರೆ ಅಲ್ಲಿ ತಗ್ಗಿನ ಸ್ವರಗಳು ಗುಡ್ಡೆ ಬೀಳುತ್ತವೆ.

ಮೂಲೆಯನ್ನೂ ಗೋಡೆಯ ಗೂಡನ್ನೂ ಸ್ಪೀಕರ್‌ಗೆ ಕೊಡಬೇಡಿ. ಮೂಲೆಯಲ್ಲಿ ಮೂರು ಮೈಗಳು ಕೂಡಿ ಬೇಸ್ ಉಬ್ಬಿಸುತ್ತವೆ. ಹನ್ನೆರಡಡಿ ಉದ್ದದ ಕೋಣೆ 47 ಹರ್ಟ್ಸ್ ಆಸುಪಾಸಿನ ಸ್ವರಕ್ಕೆ ತಾನಾಗಿಯೇ ಮಿಡಿಯುತ್ತದೆ. ಮೂಲೆಯಲ್ಲಿಟ್ಟ ಬಾಕ್ಸ್ ಅದನ್ನೇ ಬಡಿದೆಬ್ಬಿಸುತ್ತದೆ, ತಬಲಾದ ಡಗ್ಗಾ ಒಂದೇ ಸ್ವರದಲ್ಲಿ ಗುಮ್ಮೆನ್ನುತ್ತದೆ.

ಎತ್ತರದ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಬೇಕಾದದ್ದು. ಸ್ಪೀಕರಿನಲ್ಲಿ ಎತ್ತರದ ಸ್ವರ ನುಡಿಸುವ ಟ್ವೀಟರ್ ಕಿವಿಯ ಮಟ್ಟದಲ್ಲಿರಬೇಕು ಎನ್ನುವವರು ಕುರ್ಚಿಯಲ್ಲಿ ಕೂತವರ ಕಿವಿಯನ್ನು, ಅಂದರೆ ಸುಮಾರು ಮೂರೂವರೆ ಅಡಿಯನ್ನು ಲೆಕ್ಕ ಹಿಡಿದಿರುತ್ತಾರೆ. ಜಮಖಾನ ಹಾಸಿ ಲೋಡಿಗೊರಗಿ ಕೂತವರ ಕಿವಿ ಇರುವುದು ಎರಡೂವರೆ ಅಡಿಯಲ್ಲಿ. ಹಾಗೆ ಕೂತು ಕೇಳುವ ಮನೆಯಲ್ಲಿ ಸ್ಟ್ಯಾಂಡ್ ಒಂದಡಿ ಗಿಡ್ಡವಿರಲಿ, ಇಲ್ಲವೇ ಸ್ಪೀಕರಿನ ಮುಖ ತುಸು ಕೆಳಗೆ ಬಾಗಿರಲಿ. ನಿಮ್ಮ ಮತ್ತು ಸ್ಪೀಕರಿನ ನಡುವಿನ ಫರಸಿಯ ಮೇಲೆ ದಪ್ಪ ಕೌದಿ ಬೀಳಲಿ. ಪಕ್ಕದ ಗೋಡೆಯ ಮೇಲೆ ಒಬ್ಬರು ಕನ್ನಡಿ ಸರಿಸುತ್ತ ಹೋಗಲಿ. ಕೂತಲ್ಲಿಂದ ಸ್ಪೀಕರ್ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೆಯೋ ಆ ಜಾಗಕ್ಕೆ ಪರದೆಯೋ ಇನ್ನೊಂದು ಕೌದಿಯೋ ಬೇಕು.

ಕೊನೆಗೆ ಪರೀಕ್ಷೆ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯ ಹಳೆಯ ಧ್ವನಿಮುದ್ರಣದಂಥ, ಒಂದೇ ವಾಹಿನಿಯ ಮಾತು ಅಥವಾ ಹಾಡನ್ನು ಹಾಕಿ. ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಲ್ಲಬೇಕು. ಬದಿಗೆ ಸರಿದರೆ ದೂರವನ್ನು ಮತ್ತೆ ಅಳೆಯಿರಿ. ಎಲ್ಲಿಯೂ ನಿಲ್ಲದೆ ಚದುರಿ, ಬೇಸ್ ಕೂಡ ತೆಳುವಾದರೆ ಒಂದು ಸ್ಪೀಕರಿನ ಕೆಂಪು ಕಪ್ಪು ವೈರುಗಳು ಅದಲುಬದಲಾಗಿವೆ. ನಡುವೆ ನಿಂತಿತೆಂದರೆ ಆಮೇಲೆ ಅಂಗುಲ ಅಂಗುಲವಾಗಿ ಸ್ಪೀಕರ್ ಮುಖವನ್ನು ನಿಮ್ಮತ್ತ ತಿರುಗಿಸುತ್ತ, ದನಿ ಎಲ್ಲಿ ಅತ್ಯಂತ ಸ್ಪಷ್ಟವಾಗುತ್ತದೆಯೋ ಅಲ್ಲಿ ಬಿಡಿ.

ಈ ಕೆಲಸಕ್ಕೆ ಒಂದು ಮಧ್ಯಾಹ್ನ, ಒಂದು ಟೇಪು, ಕನ್ನಡಿ ಹಿಡಿಯಲು ಮನೆಯವರೊಬ್ಬರು ಸಾಕು. ಅಗ್ಗದ ಜೋಡಿಯನ್ನು ಹೀಗೆ ಇಟ್ಟವರು, ಮೂಲೆಯಲ್ಲಿ ಬಿದ್ದ ದುಬಾರಿ ಜೋಡಿಯ ಒಡೆಯರಿಗಿಂತ ಹೆಚ್ಚು ಸಂಗೀತ ಕೇಳುತ್ತಾರೆಂದು ನಾನು ಖಚಿತವಾಗಿ ನಂಬಿದ್ದೇನೆ. ಒಳ್ಳೆಯ ಧ್ವನಿ ಶ್ರೀಮಂತರ ಸೊತ್ತೆಂಬ ಭಾವನೆಯನ್ನು ಅಂಗಡಿಗಳು ಬೆಳೆಸಿವೆ. ರೇಲಿ, ಬ್ಲಮ್ಲೈನ್, ಸೇಬಿನ್, ಹಾಸ್ ಕಂಡುಕೊಂಡದ್ದಕ್ಕೆ ಇಂದು ಯಾರೂ ಬೆಲೆ ತೆರಬೇಕಾಗಿಲ್ಲ. ಅದು ಗಾಜಿಪುರದ ಹತ್ತಡಿ ಪಡಸಾಲೆಗೂ ಅಷ್ಟೇ ಸಲ್ಲುತ್ತದೆ. ಮುಂದಿನ ಬಾಕ್ಸ್ ಕೊಳ್ಳುವ ಮೊದಲು ಇರುವ ಬಾಕ್ಸನ್ನು ಎರಡಡಿ ಸರಿಸಿ ನೋಡಿ.