ಹಳೆಯ ವಿಳಾಸವನ್ನು ಅಳಿಸುವ ಕ್ರಮ

ಚನ್ನಗಿರಿಯು ಯಾವ ಜಿಲ್ಲೆಗೆ ಸೇರಿದುದು? 1997ರ ಆದಿಯಲ್ಲಿ ಕೇಳಿದ್ದರೆ ಶಿವಮೊಗ್ಗವೆಂಬುದೇ ಸರಿಯಾದ ಉತ್ತರವಾಗಿದ್ದಿತು. ಹೊನ್ನಾಳಿಯೂ ಅದೇ ಜಿಲ್ಲೆಯದು, ಜಗಳೂರು ಚಿತ್ರದುರ್ಗದ್ದು. ಆ ವರ್ಷ ದಾವಣಗೆರೆ ಜಿಲ್ಲೆಯು ರಚಿತವಾಗಿ ಈ ಮೂರು ತಾಲ್ಲೂಕುಗಳೂ ಅದಕ್ಕೆ ಸೇರಿದುವು. ಯಾವ ಊರಿನ ಕಾಗದವನ್ನು ಯಾವ ಕಚೇರಿಗೆ ಕಳುಹಿಸಬೇಕೆಂಬುದನ್ನು ಒಬ್ಬ ಗುಮಾಸ್ತನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡಿದ್ದನೆಂದು ಭಾವಿಸೋಣ. ಅದರಿಂದ ಪ್ರತಿ ಸಲವೂ ದೊಡ್ಡ ದಫ್ತರವನ್ನು ತೆರೆಯುವ ಶ್ರಮ ತಪ್ಪುವುದು. ಆದರೆ ದಫ್ತರವನ್ನು ತಿದ್ದಿದ ಮಾತ್ರಕ್ಕೆ ಚೀಟಿಯು ತಾನಾಗಿ ತಿದ್ದಿಕೊಳ್ಳಲಾರದು. ಗಣಕಯಂತ್ರದೊಳಗೆ ಇದೇ ತೊಡಕು ಪದೇ ಪದೇ ಒದಗುವುದು.

ಗಣಕಯಂತ್ರದಲ್ಲಿ ನಡೆಯುವ ಪ್ರತಿಯೊಂದು ಪ್ರೋಗ್ರಾಮೂ ಬಳಸುವ ವಿಳಾಸಗಳು ಕಲ್ಪಿತವಾದುವು. ಸ್ಮರಣಕೋಶವನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಂಗಡಿಸಿರುವರು. ಯಾವ ಕಲ್ಪಿತ ಪುಟಕ್ಕೆ ಯಾವ ನಿಜಪುಟವೆಂಬುದನ್ನು ಕರ್ನಲ್, ಎಂದರೆ ಯಂತ್ರದ ಕಾರ್ಯವನ್ನೆಲ್ಲ ನಿರ್ವಹಿಸುವ ತಂತ್ರಾಂಶದ ತಿರುಳು, ಒಂದು ಪುಟಪಟ್ಟಿಯಲ್ಲಿ ಬರೆದಿಡುವುದು. 1962ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ತೊಡಗಿದ ಅಟ್ಲಾಸ್ ಯಂತ್ರದಲ್ಲಿಯೇ ಈ ಬಗೆಯ ಏರ್ಪಾಡು ಇದ್ದಿತು. ಈಗಿನ 64 ಬಿಟ್ಟಿನ ಯಂತ್ರಗಳಲ್ಲಿ ಪುಟಪಟ್ಟಿಯು ಬಹುಮಟ್ಟಿಗೆ ನಾಲ್ಕು ಹಂತಗಳುಳ್ಳದ್ದು. ಒಂದು ವಿಳಾಸವನ್ನು ತಿಳಿಯಲು ಸ್ಮರಣಕೋಶವನ್ನು ನಾಲ್ಕು ಸಲ ಓದಬೇಕಾದೀತು. ಈ ವಿಳಂಬವನ್ನು ತಪ್ಪಿಸಲು ಪ್ರೊಸೆಸರು ಈಚೆಗೆ ಕಂಡುಕೊಂಡ ಉತ್ತರಗಳನ್ನು ತನ್ನಲ್ಲಿಯೇ ಒಂದು ಚಿಕ್ಕ ಕೋಶದಲ್ಲಿ ಇಟ್ಟುಕೊಳ್ಳುವುದು. ಇದಕ್ಕೆ ಟಿಎಲ್‌ಬಿ ಎಂದು ಹೆಸರು. ಇದೇ ನಮ್ಮ ಗುಮಾಸ್ತನ ಚೀಟಿ.

ಕರ್ನಲ್ ಪುಟಪಟ್ಟಿಯನ್ನು ಬದಲಿಸಿದಾಗ ಟಿಎಲ್‌ಬಿಯಲ್ಲಿರುವ ಹಳೆಯ ಸಾಲನ್ನು ತಾನೇ ಅಳಿಸಬೇಕು. ಇದಕ್ಕೆ ಎರಡು ದಾರಿಗಳುಂಟು. 1997ರಲ್ಲಿ ಆದಂತೆ ಅನೇಕ ಸಾಲುಗಳು ಒಮ್ಮೆಗೇ ಕೆಟ್ಟರೆ ಚೀಟಿಯನ್ನೇ ಹರಿದುಹಾಕುವುದು ಸುಲಭ. ಸರಿಯಾಗಿದ್ದ ಸಾಲುಗಳೂ ಹೋಗಿ ಅವನ್ನು ಮತ್ತೆ ಹುಡುಕಬೇಕಾಗುವುದು ಅದರ ನಷ್ಟ. 2018ರಲ್ಲಿ ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದಾಗಲಾದರೋ ಒಂದು ಸಾಲನ್ನು ಹೊಡೆದುಹಾಕಿದ್ದರೆ ಸಾಕಾಗಿದ್ದಿತು. ಇಂಟೆಲ್ ಸಂಸ್ಥೆಯ 80386 ಪ್ರೊಸೆಸರಿನಲ್ಲಿ ಎಲ್ಲವನ್ನೂ ಅಳಿಸುವ ದಾರಿ ಮಾತ್ರವಿದ್ದಿತು. 1989ರ 80486ರಲ್ಲಿ ಒಂದೇ ಸಾಲನ್ನು ಅಳಿಸುವ ಆದೇಶವೂ ಸೇರಿತು.

ಗುಮಾಸ್ತರು ಹಲವರಿದ್ದರೆ? ಇಂದಿನ ಯಂತ್ರದಲ್ಲಿ ಅನೇಕ ಪ್ರೊಸೆಸರುಗಳಿದ್ದು ಪ್ರತಿಯೊಂದಕ್ಕೂ ತನ್ನದೇ ಚೀಟಿಯುಂಟು. ಇಂಟೆಲ್ ಬಗೆಯ ಯಂತ್ರಗಳಲ್ಲಿ ಕರ್ನಲ್ ಸಾಮಾನ್ಯವಾಗಿ ಇತರ ಪ್ರೊಸೆಸರುಗಳ ಕೆಲಸವನ್ನು ತಡೆದು, 'ಈ ಸಾಲನ್ನು ಅಳಿಸಿರಿ' ಎಂದು ತಿಳಿಸಿ, ಅವೆಲ್ಲವೂ ಅಳಿಸಿದ ಉತ್ತರ ಬರುವವರೆಗೆ ಕಾಯುವುದು. ಆರ್ಮ್ ಬಗೆಯ ಯಂತ್ರಗಳಲ್ಲಿ ಈ ಸುದ್ದಿಯನ್ನು ಹಬ್ಬಿಸುವ ಆದೇಶವು ಪ್ರೊಸೆಸರಿನಲ್ಲಿಯೇ ಅಡಕವಾಗಿದೆ.

ಇಷ್ಟೊಂದು ಎಚ್ಚರಿಕೆ ಏಕೆ? ಚನ್ನಗಿರಿಯ ಕಾಗದವು ತಪ್ಪಿ ಶಿವಮೊಗ್ಗಕ್ಕೆ ಹೋದರೆ ಅಲ್ಲಿರುವ ಮನುಷ್ಯನು ಓದಿ ದಾವಣಗೆರೆಗೆ ಕಳುಹಿಸಿಯಾನು. ಯಂತ್ರಕ್ಕೆ ಆ ವಿವೇಕವಿಲ್ಲ. ಹಳೆಯ ಸಾಲು ಉಳಿದಿರುವಾಗಲೇ ಆ ನಿಜಪುಟವನ್ನು ಇನ್ನೊಬ್ಬರ ಪ್ರೋಗ್ರಾಮಿಗೆ ಕೊಟ್ಟರೆ, ಮೊದಲಿನ ಪ್ರೋಗ್ರಾಮು ಅವರ ಗುಪ್ತಪದವನ್ನು ಓದಬಹುದು, ಲೆಕ್ಕವನ್ನು ತಿದ್ದಬಹುದು. ಆದುದರಿಂದ ಪಟ್ಟಿಯನ್ನು ತಿದ್ದುವುದು ಮೊದಲು, ಚೀಟಿಗಳನ್ನು ಅಳಿಸುವುದು ಅನಂತರ, ಪುಟವನ್ನು ಮತ್ತೊಬ್ಬರಿಗೆ ಕೊಡುವುದು ಕಟ್ಟಕಡೆಗೆ. ಈ ಕ್ರಮವು ಎಂದಿಗೂ ತಪ್ಪಕೂಡದು.

ತಜ್ಞರ ಕೈಯಲ್ಲಿಯೂ ಇದು ತಪ್ಪಿದ್ದುಂಟು. ಲಿನಕ್ಸ್ ಕರ್ನಲ್ ಒಂದು ಪುಟವನ್ನು ಬೇರೊಂದು ಕಲ್ಪಿತ ವಿಳಾಸಕ್ಕೆ ಸಾಗಿಸುವಾಗ, ಪುಟಪಟ್ಟಿಗೆ ಹಾಕಿದ ಬೀಗವನ್ನು ತೆಗೆದ ಮೇಲೆ ಟಿಎಲ್‌ಬಿಯನ್ನು ಅಳಿಸುತ್ತಿದ್ದಿತು. ಆ ಅತ್ಯಲ್ಪ ಅವಧಿಯಲ್ಲಿ ಮತ್ತೊಂದು ಪ್ರೊಸೆಸರು ಪುಟವನ್ನು ಬಿಟ್ಟುಕೊಟ್ಟು, ಹಳೆಯ ಸಾಲಿನ ಮೂಲಕ ಅದನ್ನೇ ಮುಟ್ಟಲು ಅವಕಾಶವಿದ್ದಿತು. ಯಾನ್ ಹಾರ್ನ್ ಎಂಬ ಸಂಶೋಧಕರು 2018ರಲ್ಲಿ ಇದನ್ನು ಕಂಡುಹಿಡಿದರು. ಅಳಿಸುವ ಕೆಲಸವನ್ನು ಬೀಗ ತೆಗೆಯುವುದಕ್ಕೆ ಮೊದಲೇ ಮಾಡುವಂತೆ ತಿದ್ದಲಾಯಿತು.

ನೆನಪಿಟ್ಟುಕೊಳ್ಳುವುದರಿಂದ ಯಂತ್ರಕ್ಕೆ ವೇಗವುಂಟಾಗುವುದು. ತಕ್ಕ ಸಮಯದಲ್ಲಿ ಮರೆತರೆ ಮಾತ್ರವೇ ಆ ವೇಗವನ್ನು ನಾವು ನಂಬಬಹುದು.